ಒಡ್ಡಿಯ ಬಾಗಿಲು ಹಾಕುವ ಮುನ್ನ

ನಮ್ಮತ್ತೆ ಸಂಜೆ ಹೊತ್ತು ಕೋಳಿ ಎಣಿಸುತ್ತಿದ್ದದ್ದು ಅಡಿಕೆ ಇಟ್ಟುಕೊಂಡು. ಒಡ್ಡಿಯ, ಅಂದರೆ ಕೋಳಿಗೂಡಿನ, ಪಕ್ಕದ ಗೂಟಕ್ಕೆ ಒಂದು ಕರಟ ಕಟ್ಟಿ, ಮನೆಯಲ್ಲಿ ಎಷ್ಟು ಕೋಳಿ ಇವೆಯೋ ಅಷ್ಟು ಗೋಟಡಿಕೆ, ಅಂದರೆ ಹಣ್ಣಾಗಿ ಒಣಗಿದ ಇಡೀ ಅಡಿಕೆ, ಅದರೊಳಗೆ ಹಾಕಿಡುತ್ತಿದ್ದರು. ಒಂದು ಕೋಳಿ ಒಳಗೆ ಹೋದರೆ ಒಂದು ಅಡಿಕೆ ಸೆರಗಿಗೆ. ಕರಟ ಖಾಲಿಯಾದ ಮೇಲೆ ಬಾಗಿಲು. ಒಂದೇ ಒಂದು ಅಡಿಕೆ ಉಳಿದರೂ ಒಣಗರಿಯ ಸೂಡಿ ಹಚ್ಚಿಕೊಂಡು ಅದರ ಬೆಳಕಲ್ಲಿ ತೋಟಕ್ಕೆ ಇಳಿಯುವುದೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ಒಳಗೊಳಗೇ ನಕ್ಕಿದ್ದೆ. ಇಪ್ಪತ್ತು ಕೋಳಿ ಎಣಿಸುವುದಕ್ಕೂ ಅಡಿಕೆ ಬೇಕೇ ಅಂತ. ಆಮೇಲೆ ನಾನೇ ಎಣಿಸಲು ನಿಂತಾಗ ಗೊತ್ತಾಯಿತು, ಒಳಗೆ ಹೋದ ಹೇಂಟೆ ಮತ್ತೆ ಹೊರಗೆ ಬರುತ್ತದೆ, ಹುಂಜ ಬಾಗಿಲಲ್ಲೇ ಅಡ್ಡ ನಿಲ್ಲುತ್ತದೆ, ಹದಿನೈದಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ನಡುನಡುವೆ ಕಾಫಿ ಗಿಡ, ಮನೆ ಹಿಂದೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಕಾಡು. ಇಂಥ ಕಡೆ ಕೋಳಿ ಸಾಕುವುದೆಂದರೆ ಕಾಡಿನ ಅರ್ಧ ಜೀವಿಗಳಿಗೆ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ಈಗ ಇಪ್ಪತ್ಮೂರು ನಾಟಿ ಕೋಳಿ ಇವೆ. ಇಪ್ಪತ್ತು ವರ್ಷದಲ್ಲಿ ಕಳೆದುಕೊಂಡದ್ದು ಇದರ ಹತ್ತು ಪಟ್ಟು ಇರಬಹುದು. ಕಳೆದುಕೊಂಡೇ ಕಲಿತದ್ದನ್ನು ಬರೆಯುತ್ತಿದ್ದೇನೆ.

ಕಳ್ಳ ಯಾರು?

ಒಂದು ಡಿಸೆಂಬರ್‌ನಲ್ಲಿ, ಅಡಿಕೆ ಕೊಯ್ಲಿನ ಗಲಾಟೆಯಲ್ಲಿ, ರಾತ್ರಿ ಹನ್ನೊಂದರವರೆಗೆ ಸುಲಿದು ಎಲ್ಲರೂ ಸುಸ್ತಾಗಿದ್ದೆವು. ಆಗಿನ ಒಡ್ಡಿ ಕೊಟ್ಟಿಗೆಗೆ ಅಂಟಿಕೊಂಡಿದ್ದ ಹಳೇ ಹಲಗೆಯದು, ಮೇಲೆ ಹಂಚು. ಬೆಳಿಗ್ಗೆ ನೋಡಿದರೆ ಏಳು ಕೋಳಿ ಸತ್ತು ಬಿದ್ದಿವೆ. ಮೂರರ ತಲೆಯೇ ಇಲ್ಲ. ಎರಡು ಪತ್ತೆಯೇ ಇಲ್ಲ. ಬಾಗಿಲು ಹಾಕಿದ್ದು ಹಾಕಿದ ಹಾಗೇ ಇದೆ. ನಮ್ಮನೆಯವರು "ಇದು ಮುಂಗುಸಿ ಕೆಲಸ" ಅಂದರು. ತೋಟದ ಕೆಲಸಕ್ಕೆ ಬಂದ ಆಳು ಬೇಲಿಯ ಕಂಡಿಗೆ ಒಂದು ಉರುಲು ಇಡುವ ಅಂದ. ನೆಲದ ಸುತ್ತ ತಗಡು ಹೂಳುವ ಮಾತಾಯಿತು.

ನನಗೆ ಒಂದು ಸಂಶಯ. ಮುಂಗುಸಿ ಹಗಲಿನ ಪ್ರಾಣಿ. ಕತ್ತಲಾದ ಮೇಲೆ ಅದು ಬಿಲ ಸೇರುತ್ತದೆ. ರಾತ್ರಿ ಬಂದು ಏಳು ಕೋಳಿ ಕೊಲ್ಲುವುದು ಹೇಗೆ? ಕೊಟ್ಟಿಗೆಯ ಗೋಡೆ ಹತ್ತಿ ನೋಡಿದೆ. ಗೋಡೆಯ ತಲೆಯ ಮೇಲೆ ಒಣಗಿದ ಹಿಕ್ಕೆ, ಅದರ ತುಂಬ ಕಾಫಿ ಬೀಜ. ಹಣ್ಣು ತಿಂದು ಬೀಜವನ್ನು ಇಡಿಯಾಗಿ ಹಾಕುವುದು ಕಬ್ಬೆಕ್ಕು, ಪುನುಗಿನ ಜಾತಿಯ ಮರ ಹತ್ತುವ ಬೆಕ್ಕು. ಪಕ್ಕದ ಹಲಸಿನ ಕೊಂಬೆ ಕೊಟ್ಟಿಗೆಯ ಮಾಡಿಗೆ ತಾಗಿಕೊಂಡಿತ್ತು. ಅದರಿಂದ ಇಳಿದು, ಒಂದು ಹಂಚು ಸರಿಸಿ ಒಳಗೆ ಹೋಗಿದೆ. ನಾವು ನೆಲದಲ್ಲಿ ತಗಡು ಹೂಳಿದ್ದರೆ ಅದು ಮೇಲಿಂದ ನೋಡಿ ನಗುತ್ತಿತ್ತು.

ಅದಕ್ಕೇ ಹೇಳುವುದು, ಕೋಳಿ ಸತ್ತ ಬೆಳಿಗ್ಗೆ ಬೈದಾಡುವ ಬದಲು ಅರ್ಧ ಗಂಟೆ ಸುಮ್ಮನೆ ನೋಡಿ. ಪುಕ್ಕ ಗುಡಿಸಬೇಡಿ. ಯಾವ ಹೊತ್ತಿಗೆ ಹೋಯಿತು, ಎಲ್ಲಿಂದ ಹೋಯಿತು, ಏನು ಉಳಿಯಿತು, ಈ ಮೂರು ಗೊತ್ತಾದರೆ ಕಳ್ಳ ಹೆಚ್ಚುಕಮ್ಮಿ ಸಿಕ್ಕಂತೆ.

ಹಗಲು ತೋಟದಲ್ಲಿ ಮೇಯುತ್ತಿದ್ದ ಹೇಂಟೆ ಕಿರುಚಿತು, ಹೋಗಿ ನೋಡಿದರೆ ಕುತ್ತಿಗೆ ಕಚ್ಚಿ ಪೊದೆಗೆ ಎಳೆದದ್ದು ಕಂಡಿತು ಅಂದರೆ ಮುಂಗುಸಿ. ನಮ್ಮ ಕಡೆ ಬೂದು ಬಣ್ಣದ್ದೂ ಇದೆ, ಕುತ್ತಿಗೆಯಲ್ಲಿ ಕಪ್ಪು ಪಟ್ಟೆ ಇರುವ ದೊಡ್ಡದೂ ಇದೆ. ಬಯಲಿನಲ್ಲಿ ಒಂದೇ ಕಡೆ ಗುಡ್ಡೆಯಾಗಿ ಕಿತ್ತ ಪುಕ್ಕ ಬಿದ್ದಿದ್ದರೆ ಅದು ಗಿಡುಗ, ಕೂತು ನಿಧಾನವಾಗಿ ಪುಕ್ಕ ಕಿತ್ತು ತಿಂದಿದೆ. ಪುಕ್ಕ ಸಾಲಾಗಿ ಬೇಲಿಯ ಕಡೆಗೆ ಹೋಗಿದ್ದರೆ ಕಚ್ಚಿಕೊಂಡು ಓಡಿದ್ದು, ನರಿ ಅಥವಾ ಕಾಡುಬೆಕ್ಕು. ನಾಲ್ಕೈದು ಕೋಳಿ ಅಲ್ಲಲ್ಲಿ ಚೆಲ್ಲಾಪಿಲ್ಲಿ ಸತ್ತು ಬಿದ್ದು, ಒಂದನ್ನೂ ತಿನ್ನದೆ ಬಿಟ್ಟಿದ್ದರೆ ಕಾಡಿನ ಕಡೆ ನೋಡಲೇಬೇಡಿ, ಅದು ನಾಯಿ. ಹೂಮರಿಗಳು ರಾತ್ರಿ ಒಂದೊಂದಾಗಿ ಕಡಿಮೆಯಾಗುತ್ತಿವೆ, ಮೂಲೆಯಲ್ಲಿ ಹೊಸ ಮಣ್ಣು ಬಿದ್ದಿದೆ ಅಂದರೆ ಹೆಗ್ಗಣ. ಪುಕ್ಕವೂ ಇಲ್ಲ, ರಕ್ತವೂ ಇಲ್ಲ, ಮರಿ ಮಾತ್ರ ಇಲ್ಲ ಅಂದರೆ ಹಾವು. ಕೆಲವು ಸಲ ಸತ್ತ ಮರಿ ತಲೆಯಿಂದ ಹೆಗಲವರೆಗೆ ಜೊಲ್ಲಲ್ಲಿ ಒದ್ದೆಯಾಗಿ ಬಿದ್ದಿರುತ್ತದೆ. ನುಂಗಲು ಹೋಗಿ ಆಗದೆ ಬಿಟ್ಟದ್ದು.

ಗಾಯವೇ ಇಲ್ಲದೆ ಕೋಳಿಗಳು ಒಂದರ ಹಿಂದೆ ಒಂದು ಸಾಯುತ್ತಿದ್ದರೆ, ಹಸಿರು ಭೇದಿ, ಕುತ್ತಿಗೆ ತಿರುಚಿಕೊಳ್ಳುವುದು ಕಂಡರೆ, ಅದು ಕೊಕ್ಕರೆ ರೋಗ ಇರಬಹುದು. ಜಾಲರಿ ಅಂಗಡಿಗಲ್ಲ, ಪಶು ಆಸ್ಪತ್ರೆಗೆ ಹೋಗಿ. ಒಮ್ಮೆ ನಾನು ಹಾವು ಬಂದಿದೆ ಅಂದುಕೊಂಡು ನಾಲ್ಕು ದಿನ ಹಾಳು ಮಾಡಿದ್ದೇನೆ.

ಇನ್ನೊಂದು ಮಾತು. ಒಮ್ಮೆ ರುಚಿ ಕಂಡದ್ದು ಮತ್ತೆ ಬರುತ್ತದೆ. ಮೊದಲ ಮೂರು ರಾತ್ರಿ ಬಹಳ ಮುಖ್ಯ. ಸತ್ತ ಕೋಳಿಯನ್ನು ತೋಟದ ಅಂಚಿಗೆ ಎಸೆಯಬೇಡಿ, ಎರಡಡಿ ಆಳಕ್ಕೆ ಹೂತು ಮೇಲೆ ಕಲ್ಲು ಹೇರಿ. ಒಡ್ಡಿ ಸರಿಯಾಗುವವರೆಗೆ ಉಳಿದ ಕೋಳಿಗಳನ್ನು ಬುಟ್ಟಿಯಲ್ಲಿ ಕವುಚಿ ಮನೆಯೊಳಗೇ ಇಟ್ಟುಕೊಳ್ಳಿ. ನಾವು ಬಚ್ಚಲುಮನೆಯಲ್ಲಿ ಇಟ್ಟುಕೊಂಡಿದ್ದೆವು. ಬೆಳಗಿನ ಸ್ನಾನ ಒಂದು ವಾರ ಎಲ್ಲರಿಗೂ ಕಷ್ಟವಾಯಿತು.

ಹಣ್ಣಡಿಕೆ, ಗೋಟಡಿಕೆ

ಆ ಡಿಸೆಂಬರ್ ಆದ ಮೇಲೆ ಕಟ್ಟಿದ ಒಡ್ಡಿಯೇ ಇವತ್ತಿಗೂ ಇದೆ. ಆರಡಿ ಉದ್ದ, ನಾಲ್ಕಡಿ ಅಗಲ. ರಾತ್ರಿ ಮಲಗುವುದಕ್ಕೆ ಮಾತ್ರವಾದ್ದರಿಂದ ಒಂದು ನಾಟಿ ಕೋಳಿಗೆ ಒಂದು ಚದರಡಿ ಸಾಕು. ನಾಲ್ಕು ಸಿಮೆಂಟ್ ಕಂಬದ ಮೇಲೆ ನೆಲದಿಂದ ಮೂರಡಿ ಎತ್ತರಕ್ಕಿದೆ. ಕಂಬಗಳ ಸುತ್ತ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿದ್ದೇವೆ, ಇಲಿ ಹೆಗ್ಗಣ ಉಗುರು ಊರಲು ಆಗದ ಹಾಗೆ. ಹಲಸಿನ ಆ ಕೊಂಬೆ ಕಡಿದೆವು. ಮಾಡಿನಿಂದ ಆರೇಳು ಅಡಿಯೊಳಗೆ ಯಾವ ಕೊಂಬೆಯೂ ಇರಬಾರದು.

ನೆಲಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹೊಡೆದೆವು, ಹಿಕ್ಕೆ ಕೆಳಗೆ ಬೀಳಲಿ ಅಂತ ಸಂದು ಬಿಟ್ಟು. ಇಲ್ಲೊಂದು ತಪ್ಪು ಮಾಡಿದೆ. ಒಂದು ಬೆಳಿಗ್ಗೆ ಒಂದು ಹೇಂಟೆಯ ಎರಡು ಬೆರಳು ಇರಲಿಲ್ಲ. ಕೆಳಗಿನಿಂದ ಯಾವುದೋ ದಬ್ಬೆಯ ಸಂದಿಯಲ್ಲಿ ಕಾಲು ಹಿಡಿದು ಎಳೆದಿದೆ. ಆಮೇಲೆ ದಬ್ಬೆಯ ಅಡಿಗೆ ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿ ಬೆಸೆದ ಚೌಕ ಕಣ್ಣಿನ ಜಾಲರಿ, ಹೊಡೆಸಿದೆ. ಕೂರುವ ಕೋಲನ್ನೂ ಗೋಡೆಯಿಂದ ಒಂದು ಮೊಳ ಒಳಗೆ ಹಾಕಬೇಕು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಡಿಮೆ. ಜಾಲರಿಗೆ ಒತ್ತಿಕೊಂಡು ಕೂತದ್ದನ್ನು ಹೊರಗಿನಿಂದ ಪಂಜ ಹಾಕಿ ಹಿಡಿದರೆ ಅದು ಅತ್ತಿತ್ತ ಸರಿಯುವುದೂ ಇಲ್ಲ.

ಜಾಲರಿಯ ವಿಷಯದಲ್ಲಿ ಹೆಚ್ಚಿನವರು ಮೋಸ ಹೋಗುತ್ತಾರೆ. ಅಂಗಡಿಯಲ್ಲಿ ಚಿಕನ್ ಮೆಶ್ ಅಂತ ಕೇಳಿದರೆ ಜೇನುಗೂಡಿನ ಹಾಗೆ ಆರು ಮೂಲೆಯ ಕಣ್ಣಿನ ತೆಳು ಜಾಲರಿ ಕೊಡುತ್ತಾರೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ನಾಯಿ ಹಲ್ಲಲ್ಲಿ ಹರಿಯುತ್ತದೆ, ನಮ್ಮ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕೈಯಲ್ಲೇ ಮುರಿಯುತ್ತದೆ. ವೆಲ್ಡ್ ಮೆಶ್ ಕೇಳಿ, ಗ್ಯಾಲ್ವನೈಸ್ ಆದದ್ದು. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ ಅಂತ ನೆನಪಿರಲಿ. ನಾನು ತಿಳಿಯದೆ ದೊಡ್ಡ ಸಂಖ್ಯೆಯೇ ಗಟ್ಟಿ ಅಂದುಕೊಂಡು ಒಂದು ಸುರುಳಿ ತಂದು ಮೆಣಸು ಒಣಗಿಸಲು ಉಪಯೋಗಿಸುವ ಹಾಗಾಯಿತು. ಒಡ್ಡಿಯ ಕೆಳಗಿನ ಎರಡಡಿಗೆ ಮತ್ತು ನೆಲಕ್ಕೆ ಅರ್ಧ ಇಂಚಿನ ಕಣ್ಣು, ಮೇಲಕ್ಕೆ ಒಂದು ಇಂಚು ಅಂತ ಕೆಲವರು ಹಾಕುತ್ತಾರೆ. ಹಾವಿರುವ ನಮ್ಮಂಥ ಕಡೆ ಎಲ್ಲಕ್ಕೂ ಅರ್ಧ ಇಂಚೇ ಇರಲಿ. ಹಾವು ಗೋಡೆಯನ್ನೂ ಹತ್ತುತ್ತದೆ. ಹಂಚಿನ ಅಡಿಗೂ ಇದೇ ಜಾಲರಿ, ಕಬ್ಬೆಕ್ಕು ಹಂಚು ಸರಿಸಿದರೂ ಕೆಳಗೆ ಇಳಿಯಬಾರದು. ಬರೀ ಮೊಳೆ ಬಾಗಿಸಿ ಹಿಡಿಸಿದರೆ ಸಾಲದು. ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿಸಿ.

ಕಂಡಿ ಎಷ್ಟು ದೊಡ್ಡದು ಅಂತ ಅಳೆಯುವುದಕ್ಕೆ ನನ್ನ ಅಳತೆಗೋಲು ಅಡಿಕೆಯೇ. ಸಿಪ್ಪೆ ಸಮೇತದ ಹಣ್ಣಡಿಕೆ ತೂರುವ ಕಂಡಿಯಲ್ಲಿ ಮುಂಗುಸಿ ತೂರುತ್ತದೆ ಅಂತ ಇಟ್ಟುಕೊಳ್ಳಿ. ಸುಲಿದ ಗೋಟಡಿಕೆ ತೂರುವ ಕಂಡಿಯಲ್ಲಿ ಇಲಿ, ಹಾವು ತೂರುತ್ತವೆ. ವರ್ಷಕ್ಕೆ ಎರಡು ಸಲ, ಮಳೆಗಾಲ ಹಿಡಿಯುವ ಮೊದಲು ಮತ್ತು ದೀಪಾವಳಿ ಕಳೆದ ಮೇಲೆ, ಕೈಯಲ್ಲಿ ಒಂದು ಗೋಟಡಿಕೆ ಹಿಡಿದು ಒಡ್ಡಿಯ ಸುತ್ತ ಬರುತ್ತೇನೆ. ಬಾಗಿಲಿನ ಕೆಳಸಂದಿ, ಮಾಡು ಗೋಡೆ ಸೇರುವ ಮೂಲೆ, ಮೊಟ್ಟೆ ತೆಗೆಯುವ ಸಣ್ಣ ಬಾಗಿಲು, ಈ ಮೂರು ಕಡೆಯೇ ಯಾವಾಗಲೂ ಸಿಕ್ಕಿಬೀಳುವುದು.

ಬಾಗಿಲಿಗೆ ಹಲಗೆ ಒರಗಿಸಿ ಕಲ್ಲು ಇಡುವ ಕಾಲ ಹೋಯಿತು. ಮೇಲೊಂದು ಕೆಳಗೊಂದು ಚಿಲಕ ಹಾಕಿಸಿ. ಒಂದೇ ಇದ್ದರೆ ನಾಯಿ ಕೆಳಮೂಲೆಯನ್ನು ಒತ್ತಿ ಸಂದು ಮಾಡುತ್ತದೆ. ಮಂಗಗಳು ಇರುವ ಕಡೆ ಚಿಲಕಕ್ಕೆ ಒಂದು ತಂತಿಯ ಕೊಕ್ಕೆಯೂ ಇರಲಿ, ಅವು ಚಿಲಕ ಎಳೆಯುವುದನ್ನು ನೋಡಿ ಕಲಿಯುತ್ತವೆ. ಮೊಟ್ಟೆ ಅವಕ್ಕೆ ಬಹಳ ಇಷ್ಟ.

ಒಡ್ಡಿ ನೆಲದ ಮೇಲೇ ಇರುವವರು ಗೋಡೆಯ ಬುಡದಿಂದ ಹೊರಮುಖವಾಗಿ ಒಂದೂವರೆ ಅಡಿ ಅಗಲಕ್ಕೆ ಮೆಶ್ ಹಾಸಿ, ಮೇಲೆ ನಾಲ್ಕು ಬೆರಳು ಮಣ್ಣೆಳೆದು ಚಪ್ಪಡಿ ಕಲ್ಲು ಹಾಕಬೇಕು. ನೇರ ಕೆಳಗೆ ಎರಡಡಿ ಹೂಳುವುದಕ್ಕಿಂತ ಇದು ಸುಲಭ. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯಲು ನಿಲ್ಲುತ್ತದೆ, ಕಾಲಡಿಯ ಜಾಲರಿ ತಡೆಯುತ್ತದೆ, ಎರಡು ಹೆಜ್ಜೆ ಹಿಂದೆ ಹೋಗಿ ಅಗೆಯಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಮೊದಲ ದೊಡ್ಡ ಮಳೆಯಾದ ಮಾರನೇ ದಿನ ನೋಡಲು ಮರೆಯಬೇಡಿ, ಹರಿದ ನೀರು ಬುಡದ ಮಣ್ಣು ಕೊಚ್ಚಿ ನಾವೇ ಸುರಂಗ ತೋಡಿಕೊಟ್ಟ ಹಾಗೆ ಮಾಡಿರುತ್ತದೆ.

ಮೇಲಿನಿಂದ ಬರುವವರು

ಹಗಲು ಕೋಳಿಯನ್ನು ಕೂಡಿಹಾಕಿ ಸಾಕುವುದಾದರೆ ನಾಟಿ ಕೋಳಿ ಯಾಕೆ ಬೇಕು? ಬಿಡಲೇಬೇಕು. ಬಿಟ್ಟ ಮೇಲೆ ಅಷ್ಟಿಷ್ಟು ಹೋಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ದೊಡ್ಡ ಕೋಳಿಗೆ ಆಕಾಶದಿಂದ ಅಪಾಯ ಕಡಿಮೆ. ನಮ್ಮ ಕಡೆ ಜುಟ್ಟುಗಿಡುಗ ಒಂದೇ ತುಂಬು ಹೇಂಟೆಯ ಮೇಲೂ ಎರಗುತ್ತದೆ. ಮರಿಗಳ ಕತೆ ಬೇರೆ. ಕಾಗೆ, ಹದ್ದು, ಸಣ್ಣ ಗಿಡುಗ, ಕೆಂಬೂತ, ಯಾರಿಗೂ ಮರಿ ಎಂದರೆ ಆಯಿತು. ಒಮ್ಮೆ ಅತ್ತೆಯ ಕಣ್ಣೆದುರೇ ಗರುಡ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಗರುಡ ಕಂಡರೆ ಕೈಮುಗಿಯುವುದು ಅವರ ಅಭ್ಯಾಸ. ಮೊದಲು ಕೈಮುಗಿದರು, ಆಮೇಲೆ ಬೈದರು.

ಮೂರು ವಾರದವರೆಗೆ ಮರಿಗಳನ್ನು ತಾಯಿಯ ಜೊತೆ ಮಂಕರಿಯಡಿ ಕವುಚಿಡುವುದು ಹಳೇ ಪದ್ಧತಿ, ಅದಕ್ಕಿಂತ ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಮಂಕರಿ ಮೇಲೆ ಕಲ್ಲು ಹೇರಬೇಕು, ಇಲ್ಲದಿದ್ದರೆ ನಾಯಿ ಮೂಗಿನಿಂದಲೇ ಮಗುಚುತ್ತದೆ. ಬೆಳಿಗ್ಗೆ ಸಂಜೆ ಒಂದೊಂದು ಗಂಟೆ, ನೀವು ಅಂಗಳದಲ್ಲಿ ಪಾತ್ರೆ ತೊಳೆಯುವಾಗ, ಅಡಿಕೆ ಹರಗುವಾಗ ಬಿಡಿ. ಮರಿಗಳಿಗೆ ನುಚ್ಚನ್ನು ಅಂಗಳದಲ್ಲಿ ಎರಚಬೇಡಿ. ನುಚ್ಚಿಗೆ ಕಾಗೆ ಬರುತ್ತದೆ, ಬಂದ ಕಾಗೆ ನುಚ್ಚು ತಿಂದು ಸುಮ್ಮನೆ ಹೋಗುವುದಿಲ್ಲ. ಮಂಕರಿಯೊಳಗೇ ಹಾಕಿ. ಮೊಟ್ಟೆ ಚಿಪ್ಪನ್ನೂ ಹೊರಗೆ ಎಸೆಯಬೇಡಿ, ಕಾಗೆಗೂ ನಾಯಿಗೂ ಪಾಠ ಹೇಳಿಕೊಟ್ಟಂತಾಗುತ್ತದೆ.

ಮೂರು ವಾರ ಕಳೆದ ಮರಿಗಳಿಗೆ ಕೊಟ್ಟಿಗೆಯ ಹಿಂದೆ ಹನ್ನೆರಡಡಿ ಹದಿನೈದಡಿಯ ಒಂದು ಆವರಣ ಮಾಡಿದ್ದೇನೆ. ಅದರ ಮೇಲೆ, ನನ್ನ ತಲೆಗೆ ತಾಗದ ಎತ್ತರದಲ್ಲಿ, ಪ್ಲಾಸ್ಟಿಕ್ ಸುತಳಿಯನ್ನು ಒಂದೂವರೆ ಅಡಿಗೊಂದರಂತೆ ಅಡ್ಡ ಉದ್ದ ಎಳೆದಿದ್ದೇನೆ. ಗಿಡುಗಕ್ಕೆ ಎರಗಿದ ಮೇಲೆ ರೆಕ್ಕೆ ಬಿಚ್ಚಿ ಮೇಲೇಳುವುದಕ್ಕೆ ಜಾಗ ಬೇಕು, ಅದು ಕಾಣದಿದ್ದರೆ ಇಳಿಯುವುದಕ್ಕೆ ಹಿಂಜರಿಯುತ್ತದೆ. ಹಳೇ ಸಿ.ಡಿ. ನೇತು ಹಾಕಿದರೆ ಓಡುತ್ತದೆ ಅಂತ ಹೇಳುತ್ತಾರೆ. ಹಾಕಿದ್ದೆ. ಒಂದು ವಾರ ಹೆದರಿತು, ಎರಡನೇ ವಾರ ಅದೇ ತಂತಿಯ ಮೇಲೆ ಕೂತು ಮರಿ ನೋಡುತ್ತಿತ್ತು. ಜಾಗ ಬದಲಿಸುತ್ತಾ ಇರುವ ತಾಳ್ಮೆ ಇದ್ದರೆ ಹಾಕಿ.

ಬಯಲಾದ ಅಂಗಳ ಮರಿಗೆ ಮೃತ್ಯು. ದಾಸವಾಳದ ಸಾಲು, ಕೆಸುವಿನ ಹಿಂಡು, ಕಾಫಿ ಗಿಡದ ಬುಡ, ಇಂಥ ಅಡಗುವ ತಾಣ ಪ್ರತಿ ಹತ್ತು ಹೆಜ್ಜೆಗೊಂದು ಇರಬೇಕು. ಆದರೆ ಅದೇ ಪೊದೆ ಒಡ್ಡಿಗೆ ಅಂಟಿಕೊಂಡಿದ್ದರೆ ಮುಂಗುಸಿ ಅದರಲ್ಲಿ ಕಾಯುತ್ತದೆ. ಹಾಗಾಗಿ ಒಡ್ಡಿಯ ಸುತ್ತ ಹದಿನೈದು ಅಡಿ ಬೋಳು, ಅದರಾಚೆ ಮರೆ. ಕಟ್ಟಿಗೆ ರಾಶಿ, ಒಟ್ಟಿದ ಕೆಂಪುಕಲ್ಲು ಇವೂ ದೂರವೇ ಇರಲಿ, ಮುಂಗುಸಿಗೂ ಹಾವಿಗೂ ಅದಕ್ಕಿಂತ ಒಳ್ಳೆಯ ಮನೆ ಇಲ್ಲ.

ಹುಂಜದ ಮಾತನ್ನು ಕೇಳಲು ಕಲಿಯಿರಿ. ಮೇಲೆ ಗಿಡುಗ ಕಂಡರೆ ಅದು ಸಣ್ಣಗೆ ಎಳೆದು ಒಂದೇ ಸಲ ಕೂಗುತ್ತದೆ, ಕೂಗಿದ ಕೂಡಲೇ ಹಿಂಡೆಲ್ಲ ಇದ್ದಲ್ಲೇ ಕುಗ್ಗಿ ಮರೆ ಸೇರುತ್ತದೆ. ನೆಲದ ಪ್ರಾಣಿ ಕಂಡರೆ ಕೊಕ್‌ಕೊಕ್‌ಕೊಕ್ ಅಂತ ಬಿಡದೆ ಗಲಾಟೆ. ಎರಡನೆಯದು ಕೇಳಿದರೆ ನಾನು ದೋಸೆ ಕಾವಲಿಯ ಮೇಲೇ ಬಿಟ್ಟು ಓಡುತ್ತೇನೆ. ಮೊದಲನೆಯದಕ್ಕೆ ಓಡಿ ಪ್ರಯೋಜನವಿಲ್ಲ, ಅಷ್ಟರಲ್ಲಿ ಆಗುವುದು ಆಗಿರುತ್ತದೆ.

ಕಾಜಾಣ ಗೂಡು ಕಟ್ಟಿದ ವರ್ಷ ಪುಣ್ಯ. ಅದು ತನ್ನ ಗೂಡಿನ ಸುತ್ತ ಕಾಗೆಯನ್ನೂ ಬಿಡುವುದಿಲ್ಲ, ಗಿಡುಗವನ್ನೂ ಬಿಡುವುದಿಲ್ಲ, ತಲೆ ಕುಕ್ಕಿ ಓಡಿಸುತ್ತದೆ. ಎರಡು ಬೇಸಿಗೆ ನಮ್ಮ ಅಂಗಳದ ಮಾವಿನ ಮರದಲ್ಲಿ ಕಟ್ಟಿತ್ತು. ಆ ಎರಡು ಸಲ ಕೂರಿಸಿದ ಕಾವಿನ ಮರಿ ಹೆಚ್ಚುಕಮ್ಮಿ ಪೂರ್ತಿ ಉಳಿದವು.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಗಿರಿರಾಜ ತಂದು ನೋಡಿದ್ದೇನೆ. ಮೈ ಬರುತ್ತದೆ, ಆದರೆ ಆ ತೂಕ ಹೊತ್ತು ಹಾರಿ ತಪ್ಪಿಸಿಕೊಳ್ಳಲಾರದು. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಓಟದಲ್ಲಿ ವಾಸಿ. ನಾಟಿ ಹೇಂಟೆಯಂತೂ ನಾಯಿ ಕಂಡರೆ ನೇರ ಅಡಿಕೆ ಅಟ್ಟಕ್ಕೇ ಹಾರುತ್ತದೆ.

ಹಾವು

ಕಾವಿಗೆ ಕೂತ ಹೇಂಟೆ ಇಪ್ಪತ್ತೊಂದು ದಿನ ಕದಲುವುದಿಲ್ಲ. ಆ ಇಪ್ಪತ್ತೊಂದು ದಿನ ನಿಮ್ಮ ಜವಾಬ್ದಾರಿ. ಕಾವಿನ ಬುಟ್ಟಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟರೆ ನಾಗರಹಾವು ಬರುತ್ತದೆ. ಮೊಟ್ಟೆಯೂ ಬೇಕು ಅದಕ್ಕೆ, ಇಲಿಯೂ ಬೇಕು. ನಾನು ಮನೆಯೊಳಗಿನ ಜಗಲಿಯ ಮೇಲೆ, ಮುಚ್ಚಳಕ್ಕೆ ಮೆಶ್ ಹೊಡೆದ ಮರದ ಪೆಟ್ಟಿಗೆಯಲ್ಲಿ ಕೂರಿಸುತ್ತೇನೆ. ದಿನಕ್ಕೊಮ್ಮೆ ಮೇವಿಗೆ, ನೀರಿಗೆ ಎಬ್ಬಿಸುವುದು. ಕತ್ತಲಲ್ಲಿ ಯಾವ ಗೂಡಿಗೂ ಬರಿಗೈ ಹಾಕಬೇಡಿ. ಟಾರ್ಚ್ ಬಿಟ್ಟು, ಕೋಲಿನಿಂದ ಹುಲ್ಲು ಸರಿಸಿ, ಆಮೇಲೆ ಕೈ.

ಉಳಿದ ಮೊಟ್ಟೆಗಳನ್ನು ದಿನಕ್ಕೆರಡು ಸಲ ತೆಗೆಯಿರಿ. ರಾತ್ರಿಗೆ ಒಂದೂ ಉಳಿಯಬಾರದು. ಉಡ ಕೂಡ ಮೊಟ್ಟೆಯ ಜಾಡು ಹಿಡಿದು ಹಗಲಲ್ಲೇ ಬರುತ್ತದೆ. ಇನ್ನೊಂದು, ಕೋಳಿ ಮೇವನ್ನು ಗೋಣಿಯಲ್ಲಿ ಇಡಬೇಡಿ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಮೇವಿಗೆ ಇಲಿ, ಇಲಿಗೆ ಹಾವು, ಬಂದ ಹಾವಿಗೆ ಎದುರು ಮರಿ ಕಂಡರೆ ಅದು. ಬೆಳ್ಳುಳ್ಳಿ ಜಜ್ಜಿ ಹಾಕುವುದು, ಸೀಮೆಎಣ್ಣೆ ಸುರಿಯುವುದು ಎಲ್ಲ ಮಾಡಿ ನೋಡಿದ್ದೇನೆ. ಬೆಳ್ಳುಳ್ಳಿ ಹಾಕಿದ ಮೂರನೇ ದಿನ ಅದರ ಮೇಲೇ ಹರಿದು ಹೋದ ಗುರುತಿತ್ತು.

ನನ್ನನ್ನು ಈಗಲೂ ಚುಚ್ಚುವ ತಪ್ಪು ಒಂದಿದೆ. ಮರಿಗಳ ಆವರಣದ ಬುಡಕ್ಕೆ ಮೀನಿನ ನೈಲಾನ್ ಬಲೆ ಕಟ್ಟಿದ್ದೆ, ಖರ್ಚು ಕಡಿಮೆ ಅಂತ. ಒಂದು ಮಧ್ಯಾಹ್ನ ಆರಡಿಯ ಕೇರೆ ಹಾವು ಅದರಲ್ಲಿ ಸಿಕ್ಕಿಕೊಂಡು, ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ, ನೂಲು ಮೈಗೆ ಕೊರೆದು ಒದ್ದಾಡುತ್ತಿತ್ತು. ಪಕ್ಕದೂರಿನ ಹಾವು ಹಿಡಿಯುವ ಹುಡುಗ ಬಂದು ಹೊಲಿಗೆ ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೇರೆ ಹಾವು ವರ್ಷಕ್ಕೆ ಎಷ್ಟು ಇಲಿ ತಿನ್ನುತ್ತದೆ! ನಾಲ್ಕು ಮರಿಗಾಗಿ ಅದನ್ನು ಕೊಲ್ಲುವ ಹಾಗಾಗಿತ್ತು. ಬಲೆ ಏನಿದ್ದರೂ ತಲೆಯ ಮೇಲೆ. ನೆಲಕ್ಕೆ ಮೆಶ್ಶೇ.

ನಾಯಿ, ಉರುಲು, ಚಿರತೆ

ಕಾಡುಪ್ರಾಣಿಯ ಮೇಲೆ ಎಲ್ಲ ಹಾಕುತ್ತೇವೆ, ಆದರೆ ನನ್ನ ಲೆಕ್ಕದಲ್ಲಿ ಹಗಲು ಅತಿ ಹೆಚ್ಚು ಕೋಳಿ ಕೊಂದದ್ದು ನಾಯಿ. ಅದೂ ಬೀದಿಯದಲ್ಲ, ಯಾರೋ ಅನ್ನ ಹಾಕಿ ಸಾಕಿದ್ದು. ಇದಕ್ಕೆ ಜಾಲರಿಗಿಂತ ಮಾತು ಮುಖ್ಯ. ಜಗಳಕ್ಕೆ ಹೋಗದೆ, ಸತ್ತ ಕೋಳಿಯನ್ನು ಹಿಡಿದುಕೊಂಡು ಹೋಗಿ ತೋರಿಸಿ "ಬೆಳಿಗ್ಗೆ ಹತ್ತರವರೆಗೆ ಕಟ್ಟಿಕೊಳ್ಳಿ, ಅಷ್ಟರಲ್ಲಿ ನಾನು ಕೋಳಿ ಮೇಯಿಸಿ ಕೂಡುತ್ತೇನೆ" ಅಂದೆ. ಅಷ್ಟಕ್ಕೆ ಒಪ್ಪಿದರು. ನಮ್ಮದೇ ನಾಯಿಯನ್ನು ಮರಿಯಿದ್ದಾಗಿನಿಂದ ಕೋಳಿಗಳ ನಡುವೆಯೇ ಬೆಳೆಸಿದೆವು. ಒಮ್ಮೆ ಅಟ್ಟಿಸಿಕೊಂಡು ಹೋದಾಗ ಗದರಿದ್ದು ಬಿಟ್ಟರೆ ಮತ್ತೆ ತಂಟೆಯಿಲ್ಲ. ಈಗ ಮುಂಗುಸಿ ಬಂದರೆ ಮೊದಲು ಬೊಗಳುವುದು ಅದೇ.

ಉರುಲು, ವಿಷ ಹಾಕಿದ ಮಾಂಸ, ಬೇಲಿಗೆ ಕರೆಂಟ್, ಈ ಮೂರರ ಸುದ್ದಿಗೆ ಹೋಗಬೇಡಿ. ಮುಂಗುಸಿ, ಪುನುಗು, ಉಡ, ಹಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಅದೊಂದು ಮಾತು. ಅದಕ್ಕಿಂತ ಹೆಚ್ಚಾಗಿ, ಉರುಲಿಗೆ ಯಾರು ಬೀಳುತ್ತಾರೆ ಅಂತ ಇಟ್ಟವನಿಗೂ ಗೊತ್ತಿರುವುದಿಲ್ಲ. ನಮ್ಮ ಹಸುವಿನ ಕರು ಒಮ್ಮೆ ಬಿದ್ದಿತ್ತು. ಮನೆಯ ಕರೆಂಟನ್ನು ತಂತಿಗೆ ಕೊಟ್ಟರೆ ಸಾಯುವುದು ಬೆಳಗಿನ ಜಾವ ತೋಟಕ್ಕೆ ಹೋದ ಮನೆಯವರೇ ಆಗಬಹುದು.

ಚಿರತೆ ಸುಳಿದಾಡುತ್ತಿದೆ ಅಂತ ಗೊತ್ತಾದರೆ ನಾನು ಮೇಲೆ ಹೇಳಿದ ಯಾವ ಮೆಶ್ಶಿನ ಭರವಸೆಯೂ ಬೇಡ. ಕೋಳಿ, ನಾಯಿ ಎರಡನ್ನೂ ಗೋಡೆ ಇರುವ ಕಡೆ, ಬಾಗಿಲು ಹಾಕುವ ಕಡೆ ಸೇರಿಸಿ. ಅದು ಬರುವುದು ಹೆಚ್ಚಾಗಿ ನಾಯಿಗೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಕತ್ತಲಾದ ಮೇಲೆ ಕೋಳಿ ಹುಡುಕಲು ಒಬ್ಬರೇ ಹೋಗಬೇಡಿ. ಅತ್ತೆಯ ಸೂಡಿಯ ಕಾಲ ಬೇರೆ.

ಬೆಂಗಳೂರಿನಲ್ಲಿ ತಂಗಿ ತಾರಸಿಯ ಮೇಲೆ ಆರು ಕೋಳಿ ಸಾಕಿದ್ದಾಳೆ. ಕಾಡಿಲ್ಲ, ನನಗೇನು ಭಯ ಅಂದಿದ್ದಳು. ಮೊದಲ ತಿಂಗಳಲ್ಲೇ ಹದ್ದು ಎರಡು ಮರಿ ಎತ್ತಿತು, ಆಮೇಲೆ ಬೆಕ್ಕು, ಆಮೇಲೆ ಮೋರಿಯ ಹೆಗ್ಗಣ ಪೈಪ್ ಹತ್ತಿ ಬಂತು. ಅವಳಿಗೂ ಹೇಳಿದ್ದು ಇಷ್ಟೇ, ಮೇಲೆ ಪೂರ್ತಿ ಬಲೆ, ಕೆಳಗೆ ಅರ್ಧ ಇಂಚಿನ ಮೆಶ್, ಸಂಜೆ ಮೇವು ಉಳಿಸಬೇಡ. ಅಡಿಕೆ ಕಳಿಸಲೇ ಎಣಿಸುವುದಕ್ಕೆ ಅಂದೆ. ಆರಕ್ಕೆ ಬೇಡ ಅಂದಳು.

ಕಚ್ಚಿಸಿಕೊಂಡು ಬದುಕುಳಿದ ಕೋಳಿಯನ್ನು ಮೊದಲು ಬೇರೆ ಮಾಡಿ. ರಕ್ತ ಕಂಡರೆ ಉಳಿದವು ಅದನ್ನೇ ಕುಕ್ಕಿ ಸಾಯಿಸುತ್ತವೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು, ಬೆಟಾಡಿನ್ ಹಚ್ಚಿ, ನೊಣ ಕೂರದ ಹಾಗೆ ಒಳಗಿಡಿ. ಮಳೆಗಾಲದಲ್ಲಿ ಒಂದೇ ದಿನಕ್ಕೆ ಹುಳ ಬೀಳುತ್ತದೆ. ಬೆರಳು ಕಳೆದುಕೊಂಡ ಆ ಹೇಂಟೆ ಆಮೇಲೆ ನಾಲ್ಕು ವರ್ಷ ಬದುಕಿ ಮೂರು ಸಲ ಕಾವು ಕೂತಿತು.

ಉಳಿದದ್ದು ಸಂಜೆಯ ಕೆಲಸ. ಕೋಳಿ ತಾನಾಗಿ ಒಡ್ಡಿಗೆ ಬರುವ ಹೊತ್ತು ಸೂರ್ಯ ಮುಳುಗುವ ಹದಿನೈದು ಇಪ್ಪತ್ತು ನಿಮಿಷ ಆಚೀಚೆ. ಒಂದು ಹಿಡಿ ಭತ್ತವನ್ನು ಒಡ್ಡಿಯೊಳಗೇ ಹಾಕಿ ಒಂದೇ ರೀತಿ ಕರೆದರೆ ಹದಿನೈದು ದಿನದಲ್ಲಿ ಅಭ್ಯಾಸವಾಗುತ್ತದೆ. ಬಾಗಿಲು ಹಾಕುವ ಮುಂಚೆ ಟಾರ್ಚ್ ಬಿಟ್ಟು ಒಳಗಿನ ಮೂಲೆ ನೋಡಿ, ಕಳ್ಳ ಮೊದಲೇ ಒಳಗೆ ಕೂತಿದ್ದರೆ ಹೊರಗೆ ಚಿಲಕ ಹಾಕಿ ಏನು ಬಂತು? ಮದುವೆ, ತಿಥಿ ಅಂತ ಹೊರಟ ದಿನ ಬಾಗಿಲು ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ಒಪ್ಪಿಸಿ ಹೋಗಿ. "ಯಾರಾದರೂ ಹಾಕುತ್ತಾರೆ" ಅಂದ ರಾತ್ರಿಯೇ ಕಬ್ಬೆಕ್ಕಿಗೆ ಹಬ್ಬ.

ಅತ್ತೆ ಹೋಗಿ ಆರು ವರ್ಷವಾಯಿತು. ಕರಟ ಎರಡು ಸಲ ಬದಲಾಗಿದೆ, ಗೂಟ ಅದೇ. ಇವತ್ತು ಇಪ್ಪತ್ಮೂರು ಅಡಿಕೆ ಹಾಕಿದ್ದೆ, ಇಪ್ಪತ್ತೆರಡು ತೆಗೆದೆ. ಒಂದು ಕರಿ ಹೇಂಟೆ ಹೋದ ಮಳೆಗಾಲದಿಂದ ಒಡ್ಡಿಗೆ ಬರುವುದಿಲ್ಲ ಅಂತ ಹಟ ಹಿಡಿದು ಹಲಸಿನ ಮರದ ತುದಿಯಲ್ಲೇ ಮಲಗುತ್ತದೆ. ಭತ್ತ ತೋರಿಸಿದೆ, ಏಣಿ ಇಟ್ಟೆ, ಬೈದೆ. ಕಬ್ಬೆಕ್ಕು ಓಡಾಡುವ ಮರ ಅದು, ಹಾಗಿದ್ದೂ ಇನ್ನೂ ಉಳಿದಿದೆ. ಅದರ ಪಾಲಿನ ಅ‌ಡಿಕೆಯನ್ನು ಕರಟದಲ್ಲೇ ಬಿಟ್ಟು ಬಾಗಿಲು ಹಾಕಿ ಬಂದೆ.